ಊರಿಂದ ಬಂದಾಗ ಅಕ್ವೇರಿಯಂ ಕೆಟ್ಟಿದ್ದರೆ: ದೋಷ ಹುಡುಕುವ ಕ್ರಮ

ಮನೆಗೆ ಬೀಗ ಹಾಕಿ ಎರಡು ವಾರವೋ ಎರಡು ತಿಂಗಳೋ ಹೊರಗಿದ್ದು ಬಂದವರು ಮೀನಿನ ಟ್ಯಾಂಕ್ ಮುಂದೆ ನಿಂತು ಮಾಡುವುದು ಸಾಮಾನ್ಯವಾಗಿ ಮೂರು ಕೆಲಸ. ಕದಡಿದ ನೀರನ್ನು ಅರ್ಧಕ್ಕರ್ಧ ಚೆಲ್ಲಿ ನಲ್ಲಿ ನೀರು ತುಂಬುತ್ತಾರೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ಹಿಡಿದು ಹೊಸದರಂತೆ ತೊಳೆಯುತ್ತಾರೆ. "ಪಾಪ, ಎಷ್ಟು ಹಸಿದಿವೆಯೋ" ಎಂದು ಕೈತುಂಬ ಆಹಾರ ಹಾಕುತ್ತಾರೆ. ಮನೆಯವರಿಲ್ಲದಾಗ ಹೇಗೋ ಜೀವ ಹಿಡಿದುಕೊಂಡಿದ್ದ ಮೀನುಗಳು ಅವರು ಬಂದ ಮರುದಿನ ಸಾಯುವುದು ಹೀಗೆ.

ಇಲ್ಲಿ ಹೇಳುವುದೆಲ್ಲ ಸಿಹಿನೀರಿನ ಟ್ಯಾಂಕಿಗೆ. ಗಪ್ಪಿ, ಮಾಲಿ, ಟೆಟ್ರಾ, ಏಂಜೆಲ್, ಗೌರಾಮಿ, ಗೋಲ್ಡ್‌ಫಿಶ್ ಇಂಥವುಗಳಿಗೆ. ಲೆಕ್ಕ ಕೊಟ್ಟಲ್ಲೆಲ್ಲ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕನ್ನು ಇಟ್ಟುಕೊಂಡಿದ್ದೇನೆ. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ ಅದರಲ್ಲಿ 50 ಲೀಟರ್ ಹತ್ತಿರ ನೀರಿರುತ್ತದೆ. ಹೊರಗಿಂದ ಒಂದೇ ಥರ ಕಾಣುವ ಎರಡು ದೋಷಗಳಲ್ಲಿ ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗುವುದುಂಟು. ಹಾಗಾಗಿ ಮೊದಲು ಟ್ಯಾಂಕನ್ನು ಓದಿ, ಕೈ ಆಮೇಲೆ ಹಾಕಿ.

ಕೈ ಹಾಕುವ ಮೊದಲ ಹತ್ತು ನಿಮಿಷ

ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿದ್ದರೆ ಕಾರಣ ಹುಡುಕುತ್ತ ನಿಲ್ಲಬೇಡಿ, ಏರ್ ಪಂಪ್ ಹಾಕಿ. ಕಾರಣ ಯಾವುದಿದ್ದರೂ ಗಾಳಿ ಕೊಟ್ಟಿದ್ದರಿಂದ ನಷ್ಟವಿಲ್ಲ. ಮಿಕ್ಕದ್ದಕ್ಕೆಲ್ಲ ಹತ್ತು ನಿಮಿಷ ಕಾಯಬಹುದು.

ಮೊಬೈಲಿನಲ್ಲಿ ಟ್ಯಾಂಕಿನ ಎದುರು, ಪಕ್ಕ, ಮೇಲಿನಿಂದ ಫೋಟೊ ತೆಗೆದುಕೊಳ್ಳಿ. ಸತ್ತ ಮೀನಿದ್ದರೆ ಯಾವ ಜಾತಿ, ಎಷ್ಟು ದೊಡ್ಡದು, ಎಲ್ಲಿ ಬಿದ್ದಿದೆ ಎಂದು ನೋಡಿಯೇ ತೆಗೆಯಿರಿ. ಒಂದು ಚಿಕ್ಕ ಬಾಟಲಿಯಲ್ಲಿ ಹಳೆಯ ನೀರನ್ನು ತುಂಬಿ ಪಕ್ಕಕ್ಕಿಡಿ. ಟ್ಯಾಂಕಿಗೆ ಹೊಸ ನೀರು ಬಿದ್ದ ಮೇಲೆ ಪರೀಕ್ಷಿಸಲು ಏನೂ ಉಳಿದಿರುವುದಿಲ್ಲ.

ಆಮೇಲೆ ಟೈಮರ್. ಲೈಟಿಗೆ ಪಿನ್ನುಗಳಿರುವ, ಚಕ್ರ ತಿರುಗುವ 24 ಗಂಟೆಯ ಅಗ್ಗದ ಟೈಮರ್ ಹಾಕಿದ್ದರೆ ನಿಮ್ಮ ಅದೃಷ್ಟ. ಆ ಚಕ್ರ ತಿರುಗುವುದು ಕರೆಂಟಿನಿಂದ. ಕರೆಂಟು ಹೋದಾಗ ನಿಲ್ಲುತ್ತದೆ, ಬಂದಾಗ ಬಿಟ್ಟಲ್ಲಿಂದಲೇ ಮುಂದೆ ಹೋಗುತ್ತದೆ. ಈಗ ಗಡಿಯಾರದಲ್ಲಿ ಸಂಜೆ 6 ಆಗಿದ್ದು ಟೈಮರ್ ಬೆಳಿಗ್ಗೆ 9 ತೋರಿಸುತ್ತಿದ್ದರೆ, ನೀವಿಲ್ಲದಾಗ ಒಟ್ಟು 9 ಗಂಟೆ ಕರೆಂಟು ಇರಲಿಲ್ಲ ಎಂದು ಅರ್ಥ (ಅಥವಾ 33 ಗಂಟೆ, ಪೂರ್ತಿ ಒಂದು ಸುತ್ತು ತಪ್ಪಿದ್ದರೆ ಅದು ಚಕ್ರದಲ್ಲಿ ಕಾಣುವುದಿಲ್ಲ). ಅದು ಒಂದೇ ಸಲ ಹೋಗಿದ್ದೋ ಚೂರುಚೂರಾಗಿ ಹೋಗಿದ್ದೋ ಎಂದು ಪಕ್ಕದ ಮನೆಯವರನ್ನು ಕೇಳಿದರೆ ಗೊತ್ತಾಗುತ್ತದೆ. ಇದೇ ಕಾರಣಕ್ಕೆ ನಾನು ಡಿಜಿಟಲ್ ಟೈಮರ್‌ಗಿಂತ ಚಕ್ರದ ಟೈಮರನ್ನು ಇಷ್ಟಪಡುತ್ತೇನೆ. ಡಿಜಿಟಲ್‌ಗೆ ಒಳಗೆ ಬ್ಯಾಟರಿ ಇರುವುದರಿಂದ ಏನೂ ಆಗಿಯೇ ಇಲ್ಲ ಎಂಬಂತೆ ಸರಿಯಾದ ಸಮಯ ತೋರಿಸುತ್ತ ಕೂತಿರುತ್ತದೆ. ಟೈಮರ್ ಯುಪಿಎಸ್ ಲೈನಿನಲ್ಲಿದ್ದರೆ ಬ್ಯಾಟರಿ ಪೂರ್ತಿ ಖಾಲಿಯಾದ ಮೇಲಿನ ಹೊತ್ತಷ್ಟೇ ಲೆಕ್ಕಕ್ಕೆ ಸಿಗುತ್ತದೆ.

ನೀರಿನ ಮಟ್ಟ ನೋಡಿ. ನಮ್ಮ ಲೆಕ್ಕದ ಟ್ಯಾಂಕಿನಲ್ಲಿ ಮಟ್ಟ 1 ಸೆಂ.ಮೀ. ಇಳಿದರೆ 1.8 ಲೀಟರ್ ಹೋಗಿದೆ. ಬೇಸಿಗೆಯಲ್ಲಿ ಮುಚ್ಚಳವಿಲ್ಲದ ಟ್ಯಾಂಕಿನಲ್ಲಿ 10 ಸೆಂ.ಮೀ. ಇಳಿಯುವುದು ದೊಡ್ಡ ವಿಷಯವೇನಲ್ಲ. ಅಂದರೆ 18 ಲೀಟರ್ ಆವಿಯಾಗಿ, ಉಪ್ಪಿನಂಶವೂ ಕೊಳೆಯೂ ಉಳಿದ 32 ಲೀಟರಿನಲ್ಲಿ ಒತ್ತರಿಸಿವೆ. ಅಡುಗೆಮನೆಯ ಆರ್‌ಓ ಯಂತ್ರಕ್ಕೆಂದು ತಂದ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವುದು) ಇದ್ದರೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ಆಹಾರದ ಡಬ್ಬಿ ಎತ್ತಿ ನೋಡಿ. ಮೀನು ನೋಡಿಕೊಳ್ಳಲು ಒಪ್ಪಿಕೊಂಡಿದ್ದವರು "ದಿನಾ ಒಂದು ಚಿಟಿಕೆ ಹಾಕ್ದೆ" ಎನ್ನುತ್ತಾರೆ, ಡಬ್ಬಿ ತಳ ಕಾಣುತ್ತಿರುತ್ತದೆ. ಅವರದು ಸುಳ್ಳೇನೂ ಅಲ್ಲ. ಚಿಟಿಕೆ ಕೈಯಿಂದ ಕೈಗೆ ಬದಲಾಗುತ್ತದೆ. ಇನ್ನೊಂದು ಸಾಕ್ಷಿ ಗಾಜಿನ ಮೇಲಿರುತ್ತದೆ: ಸಾಸಿವೆಯಷ್ಟು ಗಾತ್ರದ ಮರಿ ಬಸವನಹುಳುಗಳು ನೂರಾರು ಹುಟ್ಟಿಕೊಂಡಿದ್ದರೆ ತಳದಲ್ಲಿ ಮೀನು ತಿನ್ನದೆ ಬಿಟ್ಟ ಆಹಾರ ಬಹಳವಿತ್ತು.

ಕೊನೆಗೆ ಟ್ಯಾಂಕಿನ ಹಿಂದೆ, ಸ್ಟ್ಯಾಂಡಿನ ಕೆಳಗೆ ಟಾರ್ಚ್ ಬಿಡಿ. ಲೆಕ್ಕಕ್ಕೆ ಸಿಗದ ಮೀನು ಅಲ್ಲಿ ಒಣಗಿ ಬಿದ್ದಿದ್ದರೆ ಅದು ಹಾರಿದೆ. ನೀರು ಕೆಟ್ಟಾಗ ಮೀನು ಹಾರುವುದು ಹೆಚ್ಚು. ಅಲ್ಲೂ ಇಲ್ಲ, ನೀರಿನಲ್ಲೂ ಇಲ್ಲ ಎಂದರೆ ಸತ್ತ ಮೇಲೆ ಉಳಿದವು ತಿಂದು ಮುಗಿಸಿವೆ. ಟೆಟ್ರಾದಂಥ ಸಣ್ಣ ಮೀನು ಎರಡು ದಿನದಲ್ಲಿ ಗುರುತಿಲ್ಲದಂತೆ ಮಾಯವಾಗುತ್ತದೆ.

ಕರೆಂಟೇ ಇಲ್ಲ: ಟ್ಯಾಂಕಿಗೆ ಮಾತ್ರವೋ, ಇಡೀ ಮನೆಗೋ

ಬಾಗಿಲು ತೆಗೆದಾಗ ಫ್ರಿಜ್ಜೂ ಆರಿದ್ದರೆ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್; ಹಳೆಯ ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಇಎಲ್‌ಸಿಬಿ) ಕೆಳಗೆ ಬಿದ್ದಿದೆಯೇ ನೋಡಿ. ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪ್‌ನದ್ದು ಇರುತ್ತದೆ. ಅಷ್ಟು ಸೋರಿಕೆಯಾದರೆ ಅದು ಬೀಳಬೇಕಾದದ್ದೇ. ಬಿದ್ದಿದ್ದಕ್ಕೆ ಅದನ್ನು ಬಯ್ಯಬೇಡಿ, ಎತ್ತಿಯೂ ಬಿಡಬೇಡಿ. ಮೊದಲು ಅಕ್ವೇರಿಯಂನ ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಆಮೇಲೆ ಆರ್‌ಸಿಸಿಬಿ ಎತ್ತಿ. ನಿಂತರೆ ಮನೆಯ ವೈರಿಂಗ್ ಸರಿಯಿದೆ. ಇನ್ನು ಒಂದೊಂದೇ ಪ್ಲಗ್ ಹಾಕುತ್ತ ಬನ್ನಿ. ಯಾವುದು ಹಾಕಿದಾಗ ಬೀಳುತ್ತದೋ ಅದೇ ಕಳ್ಳ. ಹೀಟರನ್ನು ಕೊನೆಗೆ ಹಾಕಿ, ಏಕೆಂದರೆ ಅನುಮಾನ ಹೆಚ್ಚು ಅದರ ಮೇಲೆಯೇ: ಮಟ್ಟ ಇಳಿದು ಹೀಟರ್ ಅರ್ಧ ಹೊರಗೆ ಬಂದು ಉರಿದಿರುತ್ತದೆ, ಗಾಜು ಬಿರುಕು ಬಿಟ್ಟಿರುತ್ತದೆ, ನೀರು ಒಳಗೆ ಇಳಿದಿರುತ್ತದೆ. ಈ ಪರೀಕ್ಷೆ ಮುಗಿಯುವವರೆಗೆ ನೀರಿಗೆ ಕೈ ಹಾಕುವಂತಿಲ್ಲ. ಎರಡು ಪಿನ್ನಿನ ಅಡಾಪ್ಟರಿನಲ್ಲಿ ಅರ್ತಿಂಗ್ ಇಲ್ಲದೆ ಸಿಕ್ಕಿಸಿದ ಹೀಟರ್ ಇದ್ದರೆ ಅದನ್ನು ಸುಮ್ಮನೆ ಎಸೆಯಿರಿ.

ವೈರು ಟ್ಯಾಂಕಿನಿಂದ ನೇರವಾಗಿ ಪ್ಲಗ್ ಪಾಯಿಂಟಿಗೆ ಇಳಿದಿದ್ದರೆ ನೀರು ಅದರಗುಂಟ ಹನಿದು ಸಾಕೆಟ್ಟಿಗೆ ಹೋಗುತ್ತದೆ. ವೈರು ಸಾಕೆಟ್ಟಿಗಿಂತ ಕೆಳಗೆ ಜೋತು, ಮತ್ತೆ ಮೇಲೆ ಏರಿ ಒಳಗೆ ಹೋಗುವಂತೆ ಬಿಡಬೇಕು.

ಕರೆಂಟಿದೆ, ಆದರೆ ಯಂತ್ರ ನಡೆಯುತ್ತಿಲ್ಲ

ಕರೆಂಟು ಹೋಗಿ ಬಂದ ಮೇಲೆ ಗಾಜಿಗೆ ನೇತುಹಾಕುವ ಹ್ಯಾಂಗ್-ಆನ್ ಫಿಲ್ಟರ್ ಗುಂಯ್‌ಗುಡುತ್ತದೆ, ನೀರು ಬೀಳುವುದಿಲ್ಲ. ಒಳಗೆ ಗಾಳಿ ಸಿಕ್ಕಿಕೊಂಡಿದೆ. ಸ್ವಿಚ್ ಆರಿಸಿ, ಅದರ ಪೆಟ್ಟಿಗೆಗೆ ಟ್ಯಾಂಕಿನದೇ ನೀರು ಒಂದು ಚೊಂಬು ಹುಯ್ದು ಮತ್ತೆ ಹಾಕಿದರೆ ಸಾಮಾನ್ಯವಾಗಿ ಹಿಡಿಯುತ್ತದೆ. ಟ್ಯಾಂಕಿನ ಮಟ್ಟ ಎಳೆಯುವ ಕೊಳವೆಗಿಂತ ಕೆಳಗಿದ್ದರೆ ಎಷ್ಟು ಹುಯ್ದರೂ ಹಿಡಿಯದು. ಮುಳುಗಿಸುವ ಪಂಪ್ ಆಗಿದ್ದು ಸದ್ದೇ ಇಲ್ಲದಿದ್ದರೆ ಬಿಚ್ಚಿ, ಅಯಸ್ಕಾಂತದ ಜೊತೆಗಿರುವ ಚಿಕ್ಕ ಚಕ್ರವನ್ನು ಹೊರತೆಗೆದು, ಸುತ್ತಿಕೊಂಡ ಲೋಳೆ, ಕೂದಲು, ಪಾಚಿ ತೆಗೆಯಿರಿ. ಗಡಸು ನೀರಿನ ಊರುಗಳಲ್ಲಿ ಬಿಳಿ ಸುಣ್ಣ ಕಟ್ಟಿರುತ್ತದೆ. ಸ್ವಲ್ಪ ಹೊತ್ತು ವಿನೆಗರಿನಲ್ಲಿ ನೆನೆಸಿ ಚೆನ್ನಾಗಿ ತೊಳೆದರೆ ಬಿಡುತ್ತದೆ.

ಏರ್ ಪಂಪ್ ಸದ್ದು ಮಾಡುತ್ತದೆ, ಗುಳ್ಳೆ ಇಲ್ಲ ಎಂದರೆ ಕೊಳವೆಯನ್ನು ಪಂಪಿನ ಮೂತಿಯಿಂದ ಕಿತ್ತು ಬೆರಳಿಟ್ಟು ನೋಡಿ. ಗಾಳಿ ಬರುತ್ತಿದ್ದರೆ ಕೊಳವೆಯ ತುದಿಯ ಗುಳ್ಳೆ ಬಿಡುವ ಕಲ್ಲು, ಅಂದರೆ ಏರ್ ಸ್ಟೋನ್, ಕಟ್ಟಿದೆ. ಬರದಿದ್ದರೆ ಒಳಗಿನ ರಬ್ಬರ್ ಡಯಾಫ್ರಮ್ ಹರಿದಿದೆ, ಇಲ್ಲವೇ ಕರೆಂಟು ಹೋದಾಗ ಕೊಳವೆಯಲ್ಲಿ ನೀರು ಹಿಮ್ಮುಖವಾಗಿ ಇಳಿದು ಪಂಪಿಗೆ ನುಗ್ಗಿದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗಿಟ್ಟವರು ಕೊಳವೆಯ ನಡುವೆ ನಾನ್-ರಿಟರ್ನ್ ವಾಲ್ವ್ ಹಾಕಲೇಬೇಕು. ಅದರ ಬೆಲೆ ಪಂಪಿನ ಬೆಲೆಯ ಮುಂದೆ ಏನೂ ಅಲ್ಲ.

ನಿಜವಾಗಿ ಹುಷಾರಾಗಿರಬೇಕಾದದ್ದು ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ವಿಷಯದಲ್ಲಿ. ಮೀನಿನ ಮಲಮೂತ್ರದಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಇರುವುದು ಅದರ ಸ್ಪಂಜು, ಸೆರಾಮಿಕ್ ತುಂಡುಗಳ ಮೇಲೆ. ಅವಕ್ಕೂ ಆಮ್ಲಜನಕ ಬೇಕು. ನೀರು ಹರಿಯುವುದು ನಿಂತರೆ ಮುಚ್ಚಿದ ಡಬ್ಬಿಯೊಳಗಿನ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ, ಆಮೇಲೆ ಅಲ್ಲಿ ಕೊಳೆಯುವ ಕೆಲಸ ಶುರು. ಟೈಮರ್ ಲೆಕ್ಕದಲ್ಲಿ ಕರೆಂಟು ಒಂದೇ ಸಲ ಬಹಳ ಹೊತ್ತು ಹೋಗಿದ್ದು, ಈಗ ಫಿಲ್ಟರ್ ತಾನಾಗಿ ನಡೆಯುತ್ತಿದ್ದರೆ ಆ ಕೊಳೆ ಆಗಲೇ ಟ್ಯಾಂಕಿಗೆ ಬಂದಾಗಿದೆ. ಇನ್ನೂ ನಿಂತೇ ಇದ್ದರೆ ಸ್ವಿಚ್ ಹಾಕಬೇಡಿ. ಡಬ್ಬಿ ಬಿಚ್ಚಿ ಮೂಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗಿನ ನೀರನ್ನು ಬಚ್ಚಲಿಗೆ ಚೆಲ್ಲಿ, ಸ್ಪಂಜನ್ನು ಬಕೆಟ್ಟಿನಲ್ಲಿ ಹಿಡಿದ ಟ್ಯಾಂಕಿನ ನೀರಿನಲ್ಲೇ ಮೃದುವಾಗಿ ಅದ್ದಿ ಹಿಂಡಿ ಮತ್ತೆ ಜೋಡಿಸಿ. ನಲ್ಲಿಯ ಕ್ಲೋರಿನ್ ನೀರಿನಲ್ಲಿ ತೊಳೆದರೆ ಅಳಿದುಳಿದ ಬ್ಯಾಕ್ಟೀರಿಯಾವೂ ಹೋಗುತ್ತದೆ. ಹೊಸದಾಗಿ ಕೂಡಿಕೊಳ್ಳಲು 4ರಿಂದ 6 ವಾರ ಬೇಕು. ತೆರೆದ ಸ್ಪಂಜ್ ಫಿಲ್ಟರಿಗೆ ಈ ಕಾಟ ಕಡಿಮೆ. ಊರೂರು ತಿರುಗುವವರು ದುಬಾರಿ ಕ್ಯಾನಿಸ್ಟರ್ ಏಕೆ ಕೊಳ್ಳುತ್ತಾರೋ ನನಗಂತೂ ಅರ್ಥವಾಗಿಲ್ಲ.

ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆ

ಇದಕ್ಕೆ ಮುಖ್ಯವಾಗಿ ಮೂರು ಕಾರಣ: ನೀರಿನಲ್ಲಿ ಆಮ್ಲಜನಕ ಸಾಲದು, ಅಮೋನಿಯಾ ಕಿವಿರನ್ನು ಸುಡುತ್ತಿದೆ, ಇಲ್ಲವೇ ನೈಟ್ರೈಟ್ ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನೇ ಕಿತ್ತುಕೊಂಡಿದೆ. ನೀರು ಪರೀಕ್ಷಿಸುವ ಟೆಸ್ಟ್ ಕಿಟ್ ಇಲ್ಲದೆಯೂ ಇವನ್ನು ಒಂದು ಮಟ್ಟಿಗೆ ಬೇರ್ಪಡಿಸಬಹುದು.

ಯಾರು ಸತ್ತಿದ್ದಾರೆ, ಯಾರು ಉಳಿದಿದ್ದಾರೆ ನೋಡಿ. ಆಮ್ಲಜನಕದ ಕೊರತೆಯಾದರೆ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಹೋಗುತ್ತದೆ, ಸಣ್ಣವು ಉಳಿಯುತ್ತವೆ. ಫೈಟರ್, ಗೌರಾಮಿಗಳಿಗೆ ಕಿವಿರಿನ ಜೊತೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವಿದೆ. ಬಾಕಿಯವೆಲ್ಲ ಸತ್ತು ಗೌರಾಮಿ ಮಾತ್ರ ಆರಾಮಾಗಿ ತಿರುಗುತ್ತಿದ್ದರೆ ಅದು ಆಮ್ಲಜನಕದ ಕೇಸೇ. ಅಮೋನಿಯಾ ಆಗಿದ್ದರೆ ಗೌರಾಮಿಯೂ ಈಜುರೆಕ್ಕೆ ಮುದುಡಿಕೊಂಡು ಮೂಲೆ ಹಿಡಿದಿರುತ್ತಿತ್ತು.

ಹೊತ್ತು ನೋಡಿ. ಗಿಡಗಳಿರುವ ಟ್ಯಾಂಕಿನಲ್ಲಿ ಬೆಳಗಿನ ಜಾವ ಒದ್ದಾಡಿ, ಲೈಟು ಬಂದು ಒಂದೆರಡು ಗಂಟೆಯಾದ ಮೇಲೆ ಸರಿಹೋದರೆ ಆಮ್ಲಜನಕದ ಕೊರತೆ. ರಾತ್ರಿಯಿಡೀ ಗಿಡಗಳೂ ಆಮ್ಲಜನಕ ತಿನ್ನುತ್ತವೆ. ಹಗಲೂ ರಾತ್ರಿಯೂ ಒಂದೇ ಸಮ ಇದ್ದರೆ ಅಮೋನಿಯಾ ಅಥವಾ ನೈಟ್ರೈಟ್. ಏರ್ ಪಂಪ್ ಹಾಕಿದ ಅರ್ಧ ಗಂಟೆಯಲ್ಲಿ ಮೀನು ಕೆಳಗಿಳಿದರೂ ಕಾರಣ ಆಮ್ಲಜನಕವೇ. ನೀರಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟಿದ್ದರೆ ಬಹಳ ದಿನದಿಂದ ಮೇಲ್ಮೈ ಕಲಕಿಲ್ಲ. ಒಂದು ಪೇಪರ್ ಟವೆಲ್ ಹಾಸಿ ಎತ್ತಿದರೆ ಪೊರೆ ಬರುತ್ತದೆ.

ಸೆಖೆಯ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯದು ಏಳೂವರೆ ಹಿಡಿಯುತ್ತದೆ. ಇದು ಸಮುದ್ರಮಟ್ಟದ ಮಾತು. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇನ್ನೂ ಶೇ. 10ರಷ್ಟು ಕಡಿಮೆ. ಏಪ್ರಿಲ್-ಮೇನಲ್ಲಿ ಕಲಬುರಗಿ, ರಾಯಚೂರು ಕಡೆ ಕಿಟಕಿ ಬಾಗಿಲು ಬಿಗಿದ ಮನೆಯಲ್ಲಿ ಟ್ಯಾಂಕಿನ ನೀರು 32 ಡಿಗ್ರಿ ದಾಟುತ್ತದೆ. ಅಲ್ಲಿ ಮೀನು ಹೆಚ್ಚಿದ್ದು ಏರ್ ಪಂಪ್ ಇಲ್ಲದಿದ್ದರೆ ಬೇರೆ ದೋಷವೇ ಬೇಕಿಲ್ಲ.

ನೈಟ್ರೈಟ್ ಗುರುತು ಸತ್ತ ಮೀನಿನಲ್ಲಿ ಸಿಗುತ್ತದೆ. ಕಿವಿರಿನ ಮುಚ್ಚಳ ಎತ್ತಿ ನೋಡಿದರೆ ಕೆಂಪಿರಬೇಕಾದದ್ದು ಕಂದು, ಚಾಕೊಲೇಟ್ ಬಣ್ಣಕ್ಕೆ ತಿರುಗಿರುತ್ತದೆ. ತಾಜಾ ಸತ್ತದ್ದರಲ್ಲಿ ಮಾತ್ರ ಇದನ್ನು ನಂಬಬಹುದು. ಕಿಟ್‌ನಲ್ಲೂ ನೈಟ್ರೈಟ್ ತೋರಿಸಿದರೆ ಉಪ್ಪು ನೆರವಾಗುತ್ತದೆ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್‌ಗೆ ದಾರಿ ಬಿಡುವುದಿಲ್ಲ. ಲೀಟರಿಗೆ 1 ಗ್ರಾಂ, ಅಂದರೆ ನಮ್ಮ ಟ್ಯಾಂಕಿಗೆ 50 ಗ್ರಾಂ, ಬೇರೆ ಪಾತ್ರೆಯಲ್ಲಿ ಕರಗಿಸಿ ಮೂರ್ನಾಲ್ಕು ಕಂತಿನಲ್ಲಿ ಹುಯ್ಯಿರಿ. ಕೋರಿಡೋರಾಸ್, ಲೋಚ್‌ನಂಥ ತಳದ ಮೀನುಗಳಿದ್ದರೆ ಅರ್ಧ ಸಾಕು. ಅಮೋನಿಯಾಕ್ಕೆ ಈ ಉಪ್ಪಿನಿಂದ ಉಪಯೋಗವಿಲ್ಲ.

ಅಮೋನಿಯಾ ಇದೆ: ನೀರು ಬದಲಿಸಬೇಕೋ, ಬಾರದೋ

ಅತಿ ಹೆಚ್ಚು ಮೀನು ಹೋಗುವುದು ಇಲ್ಲೇ ಎಂದು ನನ್ನ ಅನಿಸಿಕೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹನಿ ಹಾಕುವ ಕಿಟ್ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ತೋರಿಸಿತು ಎನ್ನಿ. ಅದರಲ್ಲಿ ಎರಡು ರೂಪ ಸೇರಿಕೊಂಡಿವೆ. ಒಂದು ಮೀನನ್ನು ಕೊಲ್ಲುವ ಅಮೋನಿಯಾ, ಇನ್ನೊಂದು ಅಷ್ಟೇನೂ ಅಪಾಯವಿಲ್ಲದ ಅಮೋನಿಯಂ. ಯಾವುದು ಎಷ್ಟು ಎಂದು ತೀರ್ಮಾನಿಸುವುದು ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ (7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ). 25 ಡಿಗ್ರಿಯಲ್ಲಿ, ಪಿಎಚ್ 6 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಶೇ. 0.06 ಮಾತ್ರ. ಪಿಎಚ್ 7ಕ್ಕೆ ಅದು ಶೇ. 0.6ರ ಹತ್ತಿರ. ಪಿಎಚ್ 8ಕ್ಕೆ ಶೇ. 5 ದಾಟುತ್ತದೆ. ಒಂದೊಂದು ಮೆಟ್ಟಿಲಿಗೂ ಹತ್ತಿರ ಹತ್ತಿರ ಹತ್ತು ಪಟ್ಟು. ನೀರು ಬಿಸಿಯಾದಷ್ಟೂ ಈ ಪಾಲು ಇನ್ನೂ ಏರುತ್ತದೆ.

ಈಗ ಎರಡು ಮನೆ ನೋಡೋಣ. ಒಂದು ಬೆಂಗಳೂರಿನ ಬೋರ್‌ವೆಲ್ ನೀರಿನ ಮನೆ. ನೀರು ಗಡಸು, ಪಿಎಚ್ ಏಳಕ್ಕಿಂತ ಮೇಲಿದ್ದು ಸುಲಭಕ್ಕೆ ಇಳಿಯುವುದಿಲ್ಲ. ಇಲ್ಲಿ 2 ಪಿಪಿಎಂ ಅಮೋನಿಯಾ ಎಂದರೆ ಮೀನು ವಿಷದಲ್ಲೇ ಈಜುತ್ತಿದೆ. ತಡಮಾಡದೆ ಶೇ. 40-50 ನೀರು ಬದಲಿಸಬೇಕು, ಕ್ಲೋರಿನ್ ತೆಗೆದ, ಅದೇ ತಾಪಮಾನದ ನೀರಿನಿಂದ. ಮರುದಿನ ಮತ್ತೆ ಅಳೆದು ಮತ್ತೆ ಬದಲಿಸಬೇಕು.

ಇನ್ನೊಂದು ಮಲೆನಾಡಿನದೋ ಕರಾವಳಿಯದೋ ಮನೆ, ಜಂಬಿಟ್ಟಿಗೆಯ ಬಾವಿಯ ಮೆದು ನೀರು. ಅಥವಾ ಮೀನಿಗೆ ಒಳ್ಳೆಯದಿರಲಿ ಎಂದು ಬರೀ ಆರ್‌ಓ ನೀರು ತುಂಬಿದ ಪಟ್ಟಣದ ಮನೆ. ಮೆದು ನೀರಿನಲ್ಲಿ ಆಮ್ಲವನ್ನು ತಡೆದುಕೊಳ್ಳುವ ಕಾರ್ಬೊನೇಟ್ ಅಂಶವೇ ಕಡಿಮೆ. ಫಿಲ್ಟರಿನ ಬ್ಯಾಕ್ಟೀರಿಯಾ ಕೆಲಸ ಮಾಡುತ್ತ ಮಾಡುತ್ತ ಇದ್ದಷ್ಟನ್ನೂ ತಿಂದು ಮುಗಿಸುತ್ತದೆ. ನೀರು ಬದಲಿಸುವವರು ಊರಲ್ಲಿಲ್ಲ. ಪಿಎಚ್ 6ಕ್ಕೆ, ಅದಕ್ಕೂ ಕೆಳಗೆ ಜಾರುತ್ತದೆ. ಅಷ್ಟು ಆಮ್ಲದಲ್ಲಿ ಬ್ಯಾಕ್ಟೀರಿಯಾದ ಕೆಲಸವೇ ನಿಂತುಹೋಗಿ ಅಮೋನಿಯಾ ಶೇಖರವಾಗುತ್ತ ಹೋಗುತ್ತದೆ, ಆದರೆ ಬಹುಪಾಲು ಅಮೋನಿಯಂ ರೂಪದಲ್ಲಿ. ಮೀನುಗಳು ಮಂಕಾಗಿದ್ದರೂ ಬದುಕಿರುತ್ತವೆ. ಆಗ ಯಜಮಾನರು ಬಂದು ಅರ್ಧ ಟ್ಯಾಂಕಿಗೆ ಪಿಎಚ್ 8ರ ಟ್ಯಾಂಕರ್ ನೀರು ತುಂಬುತ್ತಾರೆ, ಅಥವಾ ಪಿಎಚ್ ಏರಿಸಲೆಂದು ಅಡುಗೆ ಸೋಡಾ ಹಾಕುತ್ತಾರೆ. ಅಮೋನಿಯಾ ಅರ್ಧಕ್ಕಿಳಿದರೂ ಅದರಲ್ಲಿ ವಿಷದ ಪಾಲು ಹತ್ತಾರು ಪಟ್ಟು ಏರುತ್ತದೆ. ಬೆಳಗಾಗುವಷ್ಟರಲ್ಲಿ ಮೀನೆಲ್ಲ ಮೇಲೆ ತೇಲುತ್ತಿರುತ್ತವೆ.

ಹಾಗಾಗಿ ಪಿಎಚ್ ಅಳೆಯದೆ ಅಮೋನಿಯಾದ ಅಂಕಿಗೆ ಅರ್ಥವಿಲ್ಲ. ಪಿಎಚ್ 6.5ಕ್ಕಿಂತ ಕೆಳಗಿದ್ದು ಅಮೋನಿಯಾ ಕಂಡರೆ ಆಹಾರ ಪೂರ್ತಿ ನಿಲ್ಲಿಸಿ. ದಿನಕ್ಕೆ ಶೇ. 10, ಅಂದರೆ 5 ಲೀಟರ್ ಮಾತ್ರ ಬದಲಿಸಿ, ಅದನ್ನೂ ಗಾಳಿ ಕೊಳವೆಯಲ್ಲಿ ಹನಿಹನಿಯಾಗಿ ಇಳಿಸಿ. ಅಮೋನಿಯಾವನ್ನು ಕಟ್ಟಿಹಾಕುವ ಕಂಡೀಷನರ್ ಅಂಗಡಿಯಲ್ಲಿ ಸಿಕ್ಕರೆ ನೀರು ಹಾಕುವ ಮೊದಲೇ ಟ್ಯಾಂಕಿಗೆ ಹಾಕಿ. ಅಮೋನಿಯಾ ಇಳಿದು ಪಿಎಚ್ ತಾನಾಗಿ ಏರಲು ವಾರ ಹಿಡಿದರೂ ಅವಸರ ಬೇಡ.

ನೀರಿನ ಬಣ್ಣ

ಹಾಲು ಬೆರೆಸಿದಂತೆ ಬಿಳಿಯಾಗಿ ಕದಡಿದ್ದರೆ ಹೆಚ್ಚು ಆಹಾರ ಬಿದ್ದು ಬ್ಯಾಕ್ಟೀರಿಯಾ ಹಬ್ಬಿದೆ. 'ರಜೆಯ ಆಹಾರ' ಎಂದು ಮಾರುವ ಬಿಳಿ ಬಿಲ್ಲೆಗಳೂ ಇದನ್ನೇ ಮಾಡುತ್ತವೆ, ಅವನ್ನು ಕೊಳ್ಳಬೇಡಿ. ತಳದ ಕೊಳೆಯನ್ನು ಸೈಫನ್‌ನಲ್ಲಿ ಎಳೆದು, ಆಹಾರ ನಿಲ್ಲಿಸಿ, ಗಾಳಿ ಹೆಚ್ಚಿಸಿದರೆ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಹಸಿರು ನೀರು ಬೆಳಕಿನ ದೋಷ: ಟೈಮರ್ ಹಿಂದೆ ಬಿದ್ದು ಬಿಸಿಲಿನ ಹೊತ್ತು ಮುಗಿದ ಮೇಲೆ ಲೈಟೂ ಸೇರಿಕೊಂಡಿರಬಹುದು. ಹಸಿರು ನೀರು ಕಣ್ಣಿಗೆ ಅಸಹ್ಯ, ಮೀನಿಗೆ ತೊಂದರೆ ಕಡಿಮೆ; ಲೈಟ್ ಆರಿಸಿ ಮೂರ್ನಾಲ್ಕು ದಿನ ಬಟ್ಟೆ ಮುಚ್ಚಿ, ಏರ್ ಪಂಪ್ ಮಾತ್ರ ನಿಲ್ಲಿಸಬೇಡಿ. ಚಹಾ ಬಣ್ಣ ಮರದ ತುಂಡಿನಿಂದ ಬಂದದ್ದು, ಬಿಟ್ಟುಬಿಡಿ.

ನೀರು ತಿಳಿಯಾಗಿದೆ, ಕಿಟ್‌ನಲ್ಲಿ ಎಲ್ಲ ಸರಿ, ಮೀನು ಮಾತ್ರ ಸತ್ತಿವೆ

ಆಗ ಹೊರಗಿನಿಂದ ಏನು ಬಂತು ಎಂದು ಕೇಳಬೇಕು.

ಮೊದಲ ಅನುಮಾನ ಕ್ಲೋರಿನ್. ನೋಡಿಕೊಳ್ಳುವವರು ಮಟ್ಟ ಇಳಿದಿದೆ ಎಂದು ನಲ್ಲಿಯಿಂದ ನೇರ ಪೈಪ್ ಬಿಟ್ಟರೇ? ಅಪಾರ್ಟ್‌ಮೆಂಟಿನ ಸಂಪು ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ದಿನವೇ ಬಿಟ್ಟರೇ? ಕ್ಲೋರಿನ್‌ನಿಂದ ಸತ್ತ ಮೀನಿನ ಕಿವಿರು ಬಿಳಿಚಿಕೊಂಡು ಲೋಳೆ ಕಟ್ಟಿರುತ್ತದೆ, ಸಾವೆಲ್ಲ ಒಂದೇ ದಿನ ಆಗಿರುತ್ತದೆ.

ಎರಡನೆಯದು ಕೀಟನಾಶಕ. ಸೊಳ್ಳೆಗೆ ಹಚ್ಚಿಡುವ ಲಿಕ್ವಿಡ್ ಯಂತ್ರ, ಜಿರಲೆಗೆ ಹೊಡೆಯುವ ಸ್ಪ್ರೇ, ಇವುಗಳಲ್ಲಿರುವ ಪೈರೆಥ್ರಾಯ್ಡ್ ಗುಂಪಿನ ರಾಸಾಯನಿಕ ಮನುಷ್ಯರಿಗೆ ಅಷ್ಟಾಗಿ ತಟ್ಟದಿದ್ದರೂ ಮೀನಿಗೆ ಕಡು ವಿಷ. ಕೋಣೆಯ ಗಾಳಿಯನ್ನು ಎಳೆದು ನೀರಿಗೆ ಬಿಡುವುದೇ ಏರ್ ಪಂಪಿನ ಕೆಲಸವಾದ್ದರಿಂದ ವಿಷಕ್ಕೆ ಅದೇ ದಾರಿ. ಟ್ಯಾಂಕಿನಲ್ಲಿ ಸೀಗಡಿ ಇದ್ದರೆ ಅವು ಮೊದಲು ಸಾಯುತ್ತವೆ, ಬಸವನಹುಳುಗಳು ಉಳಿಯುತ್ತವೆ. ಬಸವನಹುಳುಗಳೂ ಸತ್ತಿದ್ದರೆ ತಾಮ್ರ ಬೆರೆತ ಔಷಧಿಯನ್ನು ಅನುಮಾನಿಸಿ. ಎರಡಕ್ಕೂ ನೀರು ಬದಲಿಸಿ ಫಿಲ್ಟರಿಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ (ವಿಷ ಹೀರುವ ಇದ್ದಿಲು) ಹಾಕುವುದೇ ದಾರಿ.

ನೀವು ಬಂದ ಮೂರ್ನಾಲ್ಕು ದಿನಕ್ಕೆ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಅದು ಇಕ್ ಎಂಬ ಪರೋಪಜೀವಿ. ಡಿಸೆಂಬರ್-ಜನವರಿಯಲ್ಲಿ ಬೆಂಗಳೂರು, ಮೈಸೂರುಗಳ ರಾತ್ರಿ 15 ಡಿಗ್ರಿಗೆ ಇಳಿಯುವಾಗ ಹೀಟರ್ ಕೈಕೊಟ್ಟಿದ್ದಕ್ಕೆ ಇದು ಬಹಳ ಸಲ ಸಾಕ್ಷಿ. ನೀರನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 28-30ಕ್ಕೆ ಏರಿಸಿ, ಗಾಳಿ ಹೆಚ್ಚಿಸಿ. ಮೆಥಿಲೀನ್ ಬ್ಲೂ ಎಂಬ ನೀಲಿ ಔಷಧಿ ಹಾಕುವುದಿದ್ದರೆ ಬೇರೆ ಟಬ್ಬಿನಲ್ಲಿ. ಟ್ಯಾಂಕಿಗೆ ಹುಯ್ದರೆ ಫಿಲ್ಟರಿನ ಬ್ಯಾಕ್ಟೀರಿಯಾವೂ ಹೋದೀತು.

ನೀವು ಇನ್ನೂ ಹೊರಗಿದ್ದೀರಿ, ಫೋನ್ ಬಂತು

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋದವರಿಗೆ ಪಕ್ಕದ ಮನೆಯಿಂದ ಬರುವ ಫೋನ್ ಹೆಚ್ಚುಕಡಿಮೆ ಹೀಗಿರುತ್ತದೆ: "ಅಕ್ಕ, ಮೀನೆಲ್ಲ ಮೇಲೇ ಬಂದು ಬಾಯಿ ಬಾಯಿ ಬಿಡ್ತಿವೆ. ಪಾಪ, ಹಸಿವು ಅನ್ಸತ್ತೆ. ಇನ್ನೂ ಸ್ವಲ್ಪ ಊಟ ಹಾಕಿದೀನಿ, ನೀವೇನೂ ಯೋಚ್ನೆ ಮಾಡ್ಬೇಡಿ."

ಯೋಚನೆ ಮಾಡಬೇಕಾದದ್ದು ಆಗಲೇ. ಉಸಿರು ಕಟ್ಟಿದ್ದನ್ನು ಹಸಿವೆಂದುಕೊಂಡು ಹಾಕಿದ ಆಹಾರ ಕೊಳೆತು ಇದ್ದ ಆಮ್ಲಜನಕವನ್ನೂ ತಿನ್ನುತ್ತದೆ. ಬಯ್ಯದೆ ಮೂರು ವಿಷಯ ಹೇಳಿ: ಊಟ ಇವತ್ತಿನಿಂದ ಬಂದ್, ಏರ್ ಪಂಪ್ ಸ್ವಿಚ್ ಇದು, ಈಗ ವಿಡಿಯೊ ಕಾಲ್ ಮಾಡಿ. ವಿಡಿಯೊದಲ್ಲಿ ಮೀನನ್ನು ನೋಡುತ್ತ ಕೂರುವ ಬದಲು ಫಿಲ್ಟರಿನಿಂದ ನೀರು ಬೀಳುತ್ತಿದೆಯೇ, ಮಟ್ಟ ಎಲ್ಲಿದೆ, ಥರ್ಮಾಮೀಟರ್ ಎಷ್ಟು ತೋರಿಸುತ್ತಿದೆ, ಟೈಮರ್ ಚಕ್ರ ಎಲ್ಲಿದೆ ಎಂದು ತೋರಿಸಲು ಹೇಳಿ. ನೀರು ಬದಲಿಸುವ ಕೆಲಸವನ್ನು ಫೋನಿನಲ್ಲಿ ಒಪ್ಪಿಸಬೇಡಿ. ತೀರಾ ಅನಿವಾರ್ಯವಾದರೆ ಹಿಂದಿನ ದಿನ ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರು ಒಂದು ಬಕೆಟ್, ಅದಕ್ಕೆ ಆಂಟಿ-ಕ್ಲೋರಿನ್ ಹನಿ, ಅಷ್ಟೇ.

ಹೊರಡುವ ಮೊದಲು

ಆರೋಗ್ಯವಾಗಿರುವ ದೊಡ್ಡ ಮೀನು ಒಂದು ವಾರ ಊಟವಿಲ್ಲದೆ ಆರಾಮಾಗಿರುತ್ತದೆ. ಎಷ್ಟೋ ಜಾತಿಗಳು ಎರಡು ವಾರವನ್ನೂ ಕಳೆಯುತ್ತವೆ. ಮರಿಗಳಿಗೆ ಈ ಮಾತು ಹೊಂದುವುದಿಲ್ಲ. ವಾರದೊಳಗಿನ ಪ್ರವಾಸವಾದರೆ ಯಾರಿಗೂ ಬೀಗದ ಕೈ ಕೊಡಬೇಡಿ, ಮೀನಿಗೆ ಅದೇ ಕ್ಷೇಮ. ಹೆಚ್ಚು ದಿನವಾದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ವಾರದ ಮಾತ್ರೆ ಡಬ್ಬಿಯಲ್ಲಿ ಒಂದೊಂದು ಖಾನೆಗೆ ಒಂದು ಸಲದ ಆಹಾರ ಹಾಕಿ, ದಿನ ಬಿಟ್ಟು ದಿನ ಒಂದು ಖಾನೆ ಎಂದು ಹೇಳಿ, ದೊಡ್ಡ ಡಬ್ಬಿಯನ್ನು ಬೀರುವಿನಲ್ಲಿ ಮುಚ್ಚಿಡಿ. ಆಟೋ ಫೀಡರ್ ನಂಬುವವರು ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು-ಉಡುಪಿ ಕಡೆ, ಆಹಾರ ತೇವಕ್ಕೆ ಮುದ್ದೆಗಟ್ಟಿ ಬಾಯಿ ಕಟ್ಟುವುದನ್ನು ಮರೆಯಬಾರದು. ನೀರಿನ ಮಟ್ಟಕ್ಕೆ ಗಾಜಿನ ಮೇಲೆ ಟೇಪ್ ಅಂಟಿಸಿ, ಟೈಮರನ್ನು ಗಡಿಯಾರಕ್ಕೆ ಸರಿಹೊಂದಿಸಿ ಫೋಟೊ ತೆಗೆಯಿರಿ. ಹೊರಡುವ ಹಿಂದಿನ ದಿನ ಫಿಲ್ಟರ್ ತೊಳೆಯಬೇಡಿ, ಹೊಸ ಮೀನು ತರಬೇಡಿ. ಇವೆಲ್ಲ ಎರಡು ವಾರ ಮೊದಲೇ ಮುಗಿದಿರಲಿ.

ಆರು ತಿಂಗಳಿಗೆ ಹೋಗುವವರು ಮೀನನ್ನು ಬೇರೆಯವರಿಗೆ ಒಪ್ಪಿಸುವುದೇ ಸರಿ. ಒಪ್ಪಿಸುವಾಗ ಮೀನಿನ ಜೊತೆ ನಿಮ್ಮ ಫಿಲ್ಟರ್ ಸ್ಪಂಜನ್ನೂ ಕೊಡಿ, ಏಕೆಂದರೆ ಅವರ ಟ್ಯಾಂಕಿನ ಬ್ಯಾಕ್ಟೀರಿಯಾ ಅವರ ಮೀನಿನ ಲೆಕ್ಕಕ್ಕಷ್ಟೇ ಇರುತ್ತದೆ. ಖಾಲಿ ಟ್ಯಾಂಕಿನಲ್ಲಿ ಫಿಲ್ಟರ್ ಓಡಿಸಿ ಹೋದರೆ ತಿನ್ನಲು ಅಮೋನಿಯಾ ಇಲ್ಲದೆ ಬ್ಯಾಕ್ಟೀರಿಯಾ ಸೊರಗಿ, ವಾಪಸ್ ಬಂದಾಗ ಹೊಸ ಟ್ಯಾಂಕಿನ ಕಥೆಯೇ ಆಗುತ್ತದೆ. ಸ್ಪಂಜನ್ನು ಒಯ್ಯುವಾಗ ಬಾಯಿ ತೆರೆದ ಡಬ್ಬಿಯಲ್ಲಿ, ಟ್ಯಾಂಕಿನ ನೀರಿನಲ್ಲಿ ಒದ್ದೆಯಾಗಿ, ಬಿಸಿಲು ತಾಗದಂತೆ ಒಯ್ದು ಅದೇ ದಿನ ಅವರ ಫಿಲ್ಟರಿಗೆ ಸೇರಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕಾರಿನ ಡಿಕ್ಕಿಯಲ್ಲಿ ಹಾಕಿದರೆ ದಾರಿಯಲ್ಲೇ ಕೆಟ್ಟು ನಾರುತ್ತದೆ.